ಕೆರೆ-ದಡ ಆಟದಲ್ಲಿ ನನಗೆ ಕಾಣದೇ ಹೋದದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಮನೇಲಿ ನಾಲ್ಕು ವರ್ಷದ ಮಗು ಇದೆ ಅಂದ್ಕೊಳ್ಳಿ. ಅಕ್ಕನ ಮಗಳಿರಬಹುದು, ಅಣ್ಣನ ಮಗ ಇರಬಹುದು. ನೆಂಟರು ಬಂದಾಗ ಆ ಮಗುವನ್ನ ಮೊದಲು ಏನು ಕೇಳ್ತಾರೆ? "ಎಬಿಸಿಡಿ ಹೇಳು ಪುಟ್ಟಾ." "ಒನ್ ಟೂ ಎಲ್ಲೀ ತನಕ ಬರುತ್ತೆ?" ಮಗು ಪಟಪಟ ಅಂತ ಹೇಳಿದ್ರೆ ಚಪ್ಪಾಳೆ. ಹೇಳದೆ ಅಮ್ಮನ ಹಿಂದೆ ಅವಿತುಕೊಂಡ್ರೆ, "ಏನೂ ಕಲ್ತಿಲ್ವಾ ಇದು?"

ನೀವೂ ಹಾಗೆ ಕೇಳಿರ್ತೀರಿ. ನಾನೂ ಕೇಳಿದ್ದೀನಿ. ಅಷ್ಟೇ ಅಲ್ಲ, ಹನ್ನೆರಡು ವರ್ಷ ಅಂಗನವಾಡಿ ಟೀಚರ್ ಆಗಿದ್ದಾಗ, ಅದರಲ್ಲಿ ಮೊದಲ ನಾಲ್ಕೈದು ವರ್ಷ, ಮಕ್ಕಳನ್ನ ಅಳೆಯೋಕೆ ನನ್ನ ಹತ್ರ ಇದ್ದ ಅಳತೆಗೋಲೂ ಅದೇ. ಈಗ ನಾನು ಹೊಸ ಟೀಚರ್‌ಗಳಿಗೆ ತರಬೇತಿ ಕೊಡೋ ಕೆಲಸ ಮಾಡ್ತೀನಿ. ಇವತ್ತಿನ ಮಾತು ಒಂದೇ ವಿಷಯದ ಮೇಲೆ: ಮಗುವಿನ ಕಲಿಕೆಗೆ ಬೇರೆ ಬೇರೆ ಕ್ಷೇತ್ರಗಳಿವೆ ಅಂತಾರಲ್ಲ, ಅದನ್ನ ಟೀಚರ್ ಆದವರು ಹೇಗೆ ಅರ್ಥ ಮಾಡ್ಕೊಂಡಿರ್ತಾರೆ? ಆ ಅರ್ಥ ಸ್ವಲ್ಪ ತಪ್ಪಾದ್ರೆ ಮಗುವಿಗೆ ಏನಾಗುತ್ತೆ?

ಮೊದಲು ಹೆಸರುಗಳನ್ನ ಮುಗಿಸಿಬಿಡೋಣ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಐದು ಕ್ಷೇತ್ರಗಳನ್ನ ಹೇಳುತ್ತೆ. ದೈಹಿಕ ಬೆಳವಣಿಗೆ. ಸಾಮಾಜಿಕ, ಭಾವನಾತ್ಮಕ ಮತ್ತು ನೈತಿಕ ಬೆಳವಣಿಗೆ. ಬೌದ್ಧಿಕ ಬೆಳವಣಿಗೆ. ಭಾಷೆ ಮತ್ತು ಸಾಕ್ಷರತೆ. ಸೌಂದರ್ಯಪ್ರಜ್ಞೆ ಮತ್ತು ಸಂಸ್ಕೃತಿ. ಇವುಗಳ ಜೊತೆಗೆ ಒಳ್ಳೆಯ ಕಲಿಕಾ ಅಭ್ಯಾಸಗಳು ಅಂತ ಇನ್ನೊಂದು ಮಾತು ಸೇರಿಸ್ತಾರೆ. ಕೇಳೋಕೆ ಭಾರ ಅನ್ಸುತ್ತೆ ಅಲ್ವಾ? ಸುಲಭವಾಗಿ ಹೇಳ್ಬೇಕು ಅಂದ್ರೆ ಮೈ, ಮನಸ್ಸು, ಬುದ್ಧಿ, ಮಾತು, ಅಂದಚೆಂದ.

ತರಬೇತಿಗೆ ಬಂದ ಟೀಚರ್‌ಗಳನ್ನ "ಕ್ಷೇತ್ರಗಳು ಎಷ್ಟು?" ಅಂತ ಕೇಳಿದ್ರೆ ಇಡೀ ಹಾಲ್ ಒಂದೇ ದನಿಯಲ್ಲಿ "ಐದು" ಅನ್ನುತ್ತೆ. ಹೆಸರು ಹೇಳಿ ಅಂದ್ರೂ ಹೇಳ್ತಾರೆ. ಅದರಲ್ಲಿ ಯಾರೂ ಎಡವಲ್ಲ. ಆಮೇಲೆ ನಾನು ಚೀಲದಿಂದ ಅವರೆಕಾಯಿ ತೆಗೀತೀನಿ.

ಹೌದು, ಅವರೆಕಾಯಿ. ಸೀಸನ್ ಇದ್ರೆ ಒಂದೆರಡು ಕೆಜಿ ತಗೊಂಡೇ ಹೋಗ್ತೀನಿ. ಎಲ್ಲರೂ ಸುತ್ತ ಕೂತು ಸುಲೀತಾರೆ, ಊರಿನ ಸುದ್ದಿ ಮಾತಾಡ್ತಾರೆ. ಹತ್ತು ನಿಮಿಷ ಆದ್ಮೇಲೆ ಕೇಳ್ತೀನಿ, "ಒಂದು ಮಗು ಹೀಗೆ ನಿಮ್ಮ ಪಕ್ಕ ಕೂತು ಅವರೆಕಾಯಿ ಸುಲೀತಿದ್ರೆ ಅದು ಯಾವ ಕ್ಷೇತ್ರದ ಕಲಿಕೆ?"

ಆಗ ಹಾಲ್ ಸುಮ್ಮನಾಗುತ್ತೆ. ಯಾರೋ ಒಬ್ಬರು, "ದೈಹಿಕ, ಮೇಡಂ. ಬೆರಳಿನ ಸ್ನಾಯು." ಸರಿ. ಇನ್ನೊಬ್ಬರು ಅನುಮಾನದಿಂದ, "ಎಣಿಸಿದ್ರೆ ಬೌದ್ಧಿಕ?" ಅದೂ ಸರಿ. ಒಂದು ಕಾಯಲ್ಲಿ ಮೂರು ಕಾಳು, ಇನ್ನೊಂದರಲ್ಲಿ ನಾಲ್ಕು ಅಂತ ಮಗು ಗಮನಿಸ್ತಾ ಇದೆ. ಹುಳ ಇರೋದನ್ನ ಬೇರೆ ಇಡ್ತಾ ಇದೆ, ಅಂದ್ರೆ ವಿಂಗಡಿಸ್ತಾ ಇದೆ. ಮಾತು? "ಸಿಪ್ಪೆ", "ನಾರು", "ಎಳೇದು", "ಬಲಿತದ್ದು", ಈ ಪದಗಳೆಲ್ಲ ಪುಸ್ತಕ ಇಲ್ಲದೆ ಬರ್ತಾ ಇವೆ. ಮನಸ್ಸು? ಪಕ್ಕದ ಮಗು ತನ್ನ ಕಾಳು ಎತ್ಕೊಂಡ್ರೆ ಕಿರುಚದೆ ಕೇಳಿ ವಾಪಸ್ ತಗೋಬೇಕು. ಅಂದಚೆಂದ? ಆ ಸೊಗಡಿನ ವಾಸನೆ, ಸಾಲಾಗಿ ಜೋಡಿಸಿಟ್ಟ ಕಾಳಿನ ಹಸಿರು. ಅಂಟಾದ ಬೆರಳನ್ನ ಮೂಸಿ ನೋಡಿ ಮುಖ ಕಿವುಚೋ ಮಗುವನ್ನ ನೀವು ನೋಡಿಲ್ಲ ಅಂದ್ರೆ ನಾನು ನಂಬಲ್ಲ.

ಅಂದ್ರೆ ಒಂದು ಬುಟ್ಟಿ ಅವರೆಕಾಯಲ್ಲಿ ಐದೂ ಕ್ಷೇತ್ರ ಇದೆ. ಸಾರಲ್ಲಿ ಉಪ್ಪು, ಹುಳಿ, ಖಾರ ಎಲ್ಲ ಇರುತ್ತೆ. ಅದನ್ನ ಬೇರೆ ಬೇರೆ ಬಟ್ಟಲಲ್ಲಿ ಬಡಿಸಲ್ವಲ್ಲ? ಆದರೆ ನಾವು ಟೀಚರ್‌ಗಳು ಮಾಡೋದು ಹಾಗೇ. ಹತ್ತೂವರೆಗೆ ಭಾಷೆ. ಹನ್ನೊಂದಕ್ಕೆ ಎಣಿಕೆ. ಆಟ ಅಂದ್ರೆ ದೈಹಿಕ, ಹಾಡು ಅಂದ್ರೆ ಭಾಷೆ, ಬಣ್ಣ ಹಚ್ಚೋದು ಅಂದ್ರೆ ಸೌಂದರ್ಯ. ಕ್ಷೇತ್ರಗಳು ಹೈಸ್ಕೂಲಿನ ಪೀರಿಯಡ್‌ಗಳ ತರ ಆಗಿಬಿಡ್ತಾವೆ. ಹೆಸರು ಗೊತ್ತಿರೋದೇ ಬೇರೆ, ಎದುರಿಗಿರೋ ಮಗುವಿನಲ್ಲಿ ಅದನ್ನ ಕಾಣೋದೇ ಬೇರೆ ಅಂತ ನಾನು ಕಲಿತದ್ದು ಒಂದು ಮಗುವಿನಿಂದ. ಕಲಿತದ್ದು ಅಂತ ಹೇಳೋಕೂ ನನಗೆ ಸ್ವಲ್ಪ ಸಂಕೋಚ ಇದೆ, ಯಾಕಂದ್ರೆ ಆ ಪಾಠಕ್ಕೆ ಬೆಲೆ ಕೊಟ್ಟದ್ದು ಅವಳು.

ಅವಳನ್ನ ಪುಟ್ಟಿ ಅಂತ ಕರೆಯೋಣ. ನಾಲ್ಕು ವರ್ಷ. ಕೂಲಿಗೆ ಹೋಗೋ ಅಪ್ಪ ಅಮ್ಮ. ಬೆಳಿಗ್ಗೆ ಬಂದು ಬಾಗಿಲ ಹತ್ರ ಕೂರೋಳು. ಕಥೆ ಹೇಳುವಾಗ ಎಲ್ಲ ಮಕ್ಕಳೂ ನನ್ನ ಮುಖ ನೋಡಿದ್ರೆ ಇವಳು ಚಾಪೆಯ ಕಡ್ಡಿ ಕೀಳ್ತಾ ಇರೋಳು. ಹೆಸರು ಹಿಡಿದು ಕರೆದ್ರೆ ಒಂದೊಂದ್ಸಲ ತಿರುಗೋಳು, ಒಂದೊಂದ್ಸಲ ಇಲ್ಲ. "ಕೆಂಪು ಚೆಂಡು ತಗೊಂಬಾ" ಅಂದ್ರೆ ನಕ್ಕು ಅಲ್ಲೇ ನಿಲ್ಲೋಳು. ನಾಲ್ಕು ವರ್ಷಕ್ಕೆ ಆಡಬೇಕಾದಷ್ಟು ಮಾತೂ ಇರಲಿಲ್ಲ, ಎರಡೆರಡು ಪದ ಅಷ್ಟೇ.

ಮಕ್ಕಳ ಪ್ರಗತಿ ಬರೆಯೋ ಪುಸ್ತಕ ಇರುತ್ತಲ್ಲ, ಅದರಲ್ಲಿ ನಾನು ಏನು ಬರೆದೆ ಗೊತ್ತಾ? ಭಾಷೆ: ಹಿಂದೆ ಇದ್ದಾಳೆ. ಸಾಮಾಜಿಕ, ಭಾವನಾತ್ಮಕ: ಹಠ, ಹೇಳಿದ ಮಾತು ಕೇಳಲ್ಲ. ಬೌದ್ಧಿಕ: ಗಮನ ಕಡಿಮೆ. ದೈಹಿಕ: ಚೆನ್ನಾಗಿದ್ದಾಳೆ. ಸೌಂದರ್ಯ: ಬಣ್ಣ ಚೆನ್ನಾಗಿ ಹಚ್ಚುತ್ತಾಳೆ. ಐದು ಕ್ಷೇತ್ರ, ಐದು ಸಾಲು. ಮೇಲ್ವಿಚಾರಕಿ ಬಂದು ನೋಡಿದ್ರೆ ತಪ್ಪು ಹುಡುಕೋಕೆ ಆಗದಷ್ಟು ನೀಟಾಗಿ ತುಂಬಿದ್ದೆ.

ನೀವು ಕೆರೆ-ದಡ ಆಡಿರ್ತೀರಿ. ನೆಲದ ಮೇಲೆ ಒಂದು ಗೆರೆ. ಈ ಕಡೆ ದಡ, ಆ ಕಡೆ ಕೆರೆ. ಟೀಚರ್ "ಕೆರೆ" ಅಂದ್ರೆ ಆ ಕಡೆ ಹಾರಬೇಕು, "ದಡ" ಅಂದ್ರೆ ಈ ಕಡೆ. ದಡದಲ್ಲಿ ನಿಂತಾಗ "ದಡ" ಅಂತ ಕೂಗಿ ಮೋಸ ಮಾಡ್ತಾರೆ, ಹಾರಿದವರು ಔಟ್. ನಮ್ಮ ಅಂಗನವಾಡಿಯಲ್ಲಿ ಮಕ್ಕಳು ಗೆರೆಯ ಮೇಲೆ ದುಂಡಗೆ ನಿಲ್ತಾ ಇದ್ರು, ಒಬ್ಬರಿಗೊಬ್ಬರು ಕಾಣೋ ಹಾಗೆ. ಪುಟ್ಟಿ ಈ ಆಟದಲ್ಲಿ ಪರವಾಗಿಲ್ಲ. ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಹಾರೋಳು, ಆದರೆ ಹಾರೋಳು.

ಒಂದಿನ ಮಳೆ. ಒಳಗೇ ಆಡಿಸಬೇಕಾಯ್ತು. ಜಾಗ ಸಾಲದೆ ಮಕ್ಕಳನ್ನ ಒಬ್ಬರ ಹಿಂದೆ ಒಬ್ಬರು ನಿಲ್ಲಿಸಿದೆ. ಪುಟ್ಟಿ ಎಲ್ಲರಿಗಿಂತ ಮುಂದೆ. ನಾನು ನಿಂತಿದ್ದು ಸಾಲಿನ ಹಿಂದೆ, ಗೋಡೆ ಹತ್ರ. "ಕೆರೆ" ಅಂದೆ. ಹಿಂದಿನ ಹದಿನಾಲ್ಕು ಮಕ್ಕಳು ಹಾರಿದ್ರು. ಪುಟ್ಟಿ ನಿಂತೇ ಇದ್ಲು. "ದಡ" ಅಂದೆ. ನಿಂತೇ ಇದ್ಲು. ಮಕ್ಕಳು ನಗೋಕೆ ಶುರು ಮಾಡಿದ್ರು. ಅವಳು ತಿರುಗಿ ನೋಡಿದ್ಲು. ಎಲ್ಲರೂ ಯಾಕೆ ನಗ್ತಾ ಇದ್ದಾರೆ ಅಂತ ಅವಳಿಗೆ ಗೊತ್ತಾಗಲಿಲ್ಲ. ಅವಳೂ ನಕ್ಕಳು.

ಆ ಮಗು ಇಷ್ಟು ದಿನ ಕೇಳಿಸ್ಕೊಂಡು ಹಾರ್ತಾ ಇರಲಿಲ್ಲ. ನೋಡ್ಕೊಂಡು ಹಾರ್ತಾ ಇತ್ತು.

ನಾನು ಹಾಗೇ ನಿಂತುಬಿಟ್ಟೆ. ಅಡುಗೆ ಮನೆಯಿಂದ ನಮ್ಮ ಸಹಾಯಕಿ ಹೊರಗೆ ಬಂದು ಮೆಲ್ಲಗೆ ಅಂದ್ರು, "ಟೀಚರ್, ಅದಕ್ಕೆ ಕಿವಿ ಸೋರುತ್ತೆ. ಅವರಮ್ಮ ಎಣ್ಣೆ ಕಾಯಿಸಿ ಬಿಡ್ತಾಳೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ." ದಿನಾ ಪಕ್ಕ ಕೂತು ಅನ್ನ ಕಲಸಿ ತಿನ್ನಿಸ್ತಿದ್ದದ್ದು ಅವರು. ಕಿವಿಯ ವಾಸನೆ ಗೊತ್ತಾಗಿದ್ದು ಅವರಿಗೆ. ಐದು ಕ್ಷೇತ್ರದ ಪುಸ್ತಕ ತುಂಬೋವಾಗ ಅವರನ್ನ ಒಂದು ಮಾತು ಕೇಳಬೇಕು ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಇದೆ, 2013ರಿಂದ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನ ಪರೀಕ್ಷೆ ಮಾಡುತ್ತೆ. ಹಿಂದಿನ ಸಲ ಅವರು ಬಂದ ದಿನ ಪುಟ್ಟಿ ಬಂದಿರಲಿಲ್ಲ. ಮತ್ತೆ ಕರ್ಕೊಂಡು ಹೋಗಿ ತೋರಿಸಬೇಕಿತ್ತು, ನಾನು ಮರೆತಿದ್ದೆ. ಈ ಸಲ ತಾಯಿಯನ್ನ ಜೊತೆಗೆ ಕರ್ಕೊಂಡು ನಾನೇ ಆಸ್ಪತ್ರೆಗೆ ಹೋದೆ. ನಡುಗಿವಿಯಲ್ಲಿ ಸೋಂಕು, ತಮಟೆಯಲ್ಲಿ ತೂತು, ಎರಡೂ ಕಿವಿ. ನೆಗಡಿ ಬಂದಾಗೆಲ್ಲ ಇನ್ನೂ ಕಡಿಮೆ ಕೇಳಿಸೋದು. ಅದಕ್ಕೇ "ಒಂದೊಂದ್ಸಲ ತಿರುಗ್ತಾಳೆ, ಒಂದೊಂದ್ಸಲ ಇಲ್ಲ". ನಾನು ಅದನ್ನ ಹಠ ಅಂತ ಬರೆದಿದ್ದೆ.

ಈಗ ಆ ಐದು ಸಾಲನ್ನ ಮತ್ತೆ ಓದಿ. ಮಾತು ಕಡಿಮೆ, ಹೇಳಿದ್ದು ಕೇಳಲ್ಲ, ಗಮನ ಇಲ್ಲ, ಆದರೆ ಮೈ ಚುರುಕು, ಬಣ್ಣ ಚೆನ್ನಾಗಿ ಹಚ್ಚುತ್ತಾಳೆ. ಬಿಡಿ ಬಿಡಿಯಾಗಿ ಓದಿದ್ರೆ ಮೂರು ದೂರು, ಎರಡು ಹೊಗಳಿಕೆ. ಒಟ್ಟಿಗೆ ಓದಿದ್ರೆ? ಕಣ್ಣಿಂದ ಆಗೋದೆಲ್ಲ ಸರಿ ಇದೆ, ಕಿವಿಯಿಂದ ಆಗಬೇಕಾದ್ದೆಲ್ಲ ತಪ್ತಾ ಇದೆ. ಪುಸ್ತಕದಲ್ಲಿ ನಾನೇ ನನ್ನ ಕೈಯಾರೆ ಕಾಯಿಲೆಯ ಗುರುತನ್ನ ಬರೆದಿಟ್ಟಿದ್ದೆ, ಓದೋಕೆ ಬರಲಿಲ್ಲ. ಕ್ಷೇತ್ರಗಳನ್ನ ಬೇರೆ ಬೇರೆ ಹೆಸರಿಂದ ಕರೆಯೋದು ನಾವು ನೋಡೋಕೆ ಅನುಕೂಲ ಆಗಲಿ ಅಂತ. ನೋಡಿ ಆದ್ಮೇಲೆ ಅವನ್ನ ಮತ್ತೆ ಒಂದು ಮಗುವಾಗಿ ಜೋಡಿಸಬೇಕು. ಆ ಎರಡನೇ ಕೆಲಸವನ್ನ ನನಗೆ ಯಾವ ತರಬೇತಿಯೂ ಒತ್ತಿ ಹೇಳಿರಲಿಲ್ಲ.

ಇದು ಕಾಯಿಲೆಗೆ ಮಾತ್ರ ಅನ್ವಯಿಸೋ ಮಾತಲ್ಲ. ದಿನನಿತ್ಯದ ಕಲಿಕೆಗೂ ಹಾಗೇ. ಮೂರು ಉದಾಹರಣೆ ಕೊಡ್ತೀನಿ, ನಿಮ್ಮ ಮನೆ ಮಗುವಿನ ಜೊತೆ ನೀವೇ ನೋಡಬಹುದು.

ಮೊದಲನೇದು ಎಣಿಕೆ. ಒಬ್ಬ ಹುಡುಗ ಐವತ್ತರ ತನಕ ತಡೆಯಿಲ್ಲದೆ ಹೇಳ್ತಾನೆ. "ಶಭಾಷ್, ಈಗ ಹೋಗಿ ಐದು ಎಲೆ ತಗೊಂಬಾ" ಅಂದ್ರೆ ಎರಡೂ ಕೈ ತುಂಬ ತರ್ತಾನೆ. ಯಾಕೆ? ಅವನು ಐವತ್ತು ಪದಗಳ ಒಂದು ಹಾಡು ಕಲಿತಿದ್ದಾನೆ, ಎಣಿಸೋದನ್ನ ಕಲಿತಿಲ್ಲ. ಒಂದು ಎಲೆಗೆ ಒಂದೇ ಸಂಖ್ಯೆ ಹೇಳಬೇಕು. ಒಂದನ್ನೂ ಬಿಡಬಾರದು, ಒಂದನ್ನೇ ಎರಡು ಸಲ ಮುಟ್ಟಬಾರದು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ. ಇದನ್ನ ಕಲಿಸೋಕೆ ಒಳ್ಳೇ ಜಾಗ ಕಪ್ಪು ಹಲಗೆ ಅಲ್ಲ, ಊಟದ ಹೊತ್ತು. "ಎಲ್ಲರಿಗೂ ಒಂದೊಂದು ತಟ್ಟೆ ಇಡು ಕಂದಾ." ಒಂದು ತಟ್ಟೆ ಕಡಿಮೆ ಬಿದ್ದಾಗ ಆ ಮಗುವಿನ ಮುಖ ನೋಡಿ, ಅಲ್ಲಿ ಗಣಿತ ನಡೀತಾ ಇರುತ್ತೆ.

ಎರಡನೇದು ಬರವಣಿಗೆ. ಮೂರೂವರೆ ವರ್ಷಕ್ಕೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆ ಪುಸ್ತಕದಲ್ಲಿ "ಅ" ಬರೆಸ್ತೀವಿ. ಮಗು ಅಳುತ್ತೆ. ಸೋಮಾರಿ ಅಂತೀವಿ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೆದುವಾಗಿರ್ತಾವೆ, ಒಂದೊಂದಾಗಿ ಗಟ್ಟಿ ಆಗೋಕೆ ವರ್ಷಗಳೇ ಬೇಕು. ಭುಜ, ಮೊಣಕೈ, ಬೆರಳು ಎಲ್ಲ ಹದಕ್ಕೆ ಬಂದ ಮೇಲೆ ಪೆನ್ಸಿಲ್ ಹಿಡಿತ ಬರುತ್ತೆ. ಅದಕ್ಕೆ ದಾರಿ ಹಿಟ್ಟು ನಾದೋದು, ಒದ್ದೆ ಬಟ್ಟೆ ಹಿಂಡೋದು, ಹೂ ಪೋಣಿಸೋದು, ಮಣ್ಣಲ್ಲಿ ಗೀಚೋದು. "ಅಕ್ಷರ ಬರೆಯೋದು ಭಾಷೆ" ಅಂತ ಮಾತ್ರ ತಿಳ್ಕೊಂಡ ಟೀಚರ್ ಇನ್ನೂ ನಾಲ್ಕು ಪುಟ ಬರೆಸ್ತಾರೆ. ಅಕ್ಷರದಲ್ಲಿ ಕೈಯೂ ಇದೆ ಅಂತ ಗೊತ್ತಿರೋ ಟೀಚರ್ ಹಿಟ್ಟು ಕಲಸಿ ಕೊಡ್ತಾರೆ.

ಮೂರನೇದು ಬಣ್ಣ. ಮಾವಿನ ಹಣ್ಣಿನ ಚಿತ್ರಕ್ಕೆ ಒಬ್ಬ ಹುಡುಗ ಪೂರ್ತಿ ಹಸಿರು ಬಳಿದ. ಟೀಚರ್ ಕೆಂಪು ಪೆನ್ನಲ್ಲಿ ತಪ್ಪು ಹಾಕಿದ್ರು, ಮಾವಿನ ಹಣ್ಣು ಹಳದಿ ಅಂತ. ಅವನ ಮನೆ ಹಿತ್ತಲಲ್ಲಿ ಇದ್ದದ್ದು ತೋತಾಪುರಿ ಮರ. ದಿನಾ ಅವನು ನೋಡ್ತಿದ್ದ ಮಾವು ಹಸಿರು. ಅವನು ನೋಡಿದ್ದನ್ನ ಬರೆದಿದ್ದ, ಟೀಚರ್ ಚಾರ್ಟ್ ನೋಡಿ ತಿದ್ದಿದ್ರು. "ಯಾಕೆ ಹಸಿರು ಹಾಕಿದೆ ಮರಿ?" ಅಂತ ಒಂದು ಪ್ರಶ್ನೆ ಕೇಳಿದ್ರೆ ಅಲ್ಲೇ ಐದು ನಿಮಿಷದ ಮಾತುಕತೆ ಸಿಗ್ತಿತ್ತು. ಮಾತು, ಬುದ್ಧಿ, ಮನೆಯ ಸುದ್ದಿ ಎಲ್ಲ ಅದರಲ್ಲೇ ಬರ್ತಿತ್ತು.

ಇಷ್ಟೆಲ್ಲ ಹೇಳಿ ತಪ್ಪನ್ನೆಲ್ಲ ಟೀಚರ್‌ಗಳ ತಲೆಗೆ ಕಟ್ಟಿದ್ರೆ ಅದು ಅನ್ಯಾಯ. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಯೋಜನೆ ಶುರುವಾಯ್ತು, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ. ಅದರಲ್ಲಿ ಆರು ಸೇವೆಗಳು: ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸೋದು, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ, ಮತ್ತೆ ಶಾಲಾಪೂರ್ವ ಶಿಕ್ಷಣ. ಆರರಲ್ಲಿ ಪಾಠ ಒಂದು. ಗರ್ಭಿಣಿಯರ ಪಟ್ಟಿ, ಮೊಟ್ಟೆ ಲೆಕ್ಕ, ತೂಕ, ಎತ್ತರ, ಮೊಬೈಲಲ್ಲಿ ಪೋಷಣ್ ಟ್ರ್ಯಾಕರ್ ಎಂಟ್ರಿ, ನಡುವೆ ಯಾವುದೋ ಸಮೀಕ್ಷೆ. ನೆಟ್‌ವರ್ಕ್ ಸಿಗದೆ ಫೋನ್ ಹಿಡ್ಕೊಂಡು ಅಂಗಳದಲ್ಲಿ ಸುತ್ತೋ ಟೀಚರ್‌ಗೆ ಹದಿನೈದು ಮಕ್ಕಳಲ್ಲಿ ಒಬ್ಬಳು ಒಂದು ಕ್ಷಣ ತಡವಾಗಿ ಹಾರಿದ್ದು ಕಾಣಬೇಕು ಅಂದ್ರೆ, ನೋಡೋಕೆ ಅವಳಿಗೆ ಪುರುಸೊತ್ತು ಕೊಡಬೇಕಲ್ವಾ?

ಇನ್ನೊಂದು ಕಡೆ ಅಪ್ಪ ಅಮ್ಮಂದಿರು. "ಏನ್ ಮಿಸ್, ಬರೀ ಆಟ ಆಡಿಸ್ತೀರಿ. ಅಲ್ಲಿ ಕಾನ್ವೆಂಟಲ್ಲಿ ಹೋಮ್‌ವರ್ಕ್ ಕೊಡ್ತಾರೆ." ಈ ಮಾತು ಕೇಳದ ಅಂಗನವಾಡಿ ಟೀಚರ್ ಇಲ್ಲ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡೋದನ್ನ ವಿರೋಧಿಸಿ ಅಂಗನವಾಡಿ ನೌಕರರು ಪ್ರತಿಭಟನೆ ಮಾಡಿದ್ದು ನಿಮಗೆ ನೆನಪಿರಬಹುದು. ಮಕ್ಕಳು ಹೊರಟುಹೋದ್ರೆ ಕೇಂದ್ರವೇ ಖಾಲಿ ಅನ್ನೋ ಭಯ. ಆ ಭಯದಲ್ಲಿ ಟೀಚರ್ ಏನು ಮಾಡ್ತಾರೆ? ಅವರೂ ಸ್ಲೇಟ್ ಕೊಟ್ಟು ಎಬಿಸಿಡಿ ಬರೆಸ್ತಾರೆ. ತಾಯಿಗೆ ಸಂಜೆ ತೋರಿಸೋಕೆ ಏನಾದ್ರೂ ಬೇಕಲ್ಲ.

ಆದರೆ ಅಧ್ಯಯನ ಬೇರೆ ದಾರಿ ತೋರಿಸುತ್ತೆ. ಅಸರ್ ಸಂಸ್ಥೆಯ 2019ರ ವರದಿ ನಾಲ್ಕರಿಂದ ಎಂಟು ವರ್ಷದ ಮಕ್ಕಳ ಮೇಲೇ ಇತ್ತು, 26 ಗ್ರಾಮೀಣ ಜಿಲ್ಲೆಗಳಲ್ಲಿ. ಅದರಲ್ಲಿ ಕಂಡದ್ದು: ವಿಂಗಡಿಸೋದು, ಕ್ರಮವಾಗಿ ಜೋಡಿಸೋದು, ಚಿತ್ರದ ತುಂಡು ಕೂಡಿಸೋದು ಇಂಥವನ್ನ ಚೆನ್ನಾಗಿ ಮಾಡಿದ ಮಕ್ಕಳು ಭಾಷೆ ಮತ್ತು ಲೆಕ್ಕದಲ್ಲೂ ಮುಂದಿದ್ರು. ಅಂದ್ರೆ ಅವರೆಕಾಳು ವಿಂಗಡಿಸೋದು ಹೊತ್ತು ಕಳೆಯೋ ಕೆಲಸ ಅಲ್ಲ. ಓದು, ಲೆಕ್ಕ ಎಲ್ಲದರ ಬೇರು ಅಲ್ಲೇ ಇದೆ.

ಇಲ್ಲೇ ಟೀಚರ್ ತಿಳಿವಳಿಕೆ ಕೆಲಸಕ್ಕೆ ಬರೋದು. "ಆಟದಿಂದ ಮಕ್ಕಳು ಕಲೀತಾರೆ ಕಣಮ್ಮ" ಅಂತ ಬರೀ ಬಾಯಿಮಾತಲ್ಲಿ ಹೇಳಿದ್ರೆ ಯಾವ ತಾಯಿಯೂ ನಂಬಲ್ಲ. ನಾನೂ ನಂಬಲ್ಲ. ಅದರ ಬದಲು, "ನೋಡಿ, ಹೋದ ತಿಂಗಳು ನಿಮ್ಮ ಮಗ ಸರದಿ ಬರೋ ತನಕ ಕಾಯ್ತಾ ಇರಲಿಲ್ಲ, ಪಕ್ಕದವರನ್ನ ತಳ್ತಾ ಇದ್ದ. ಇವತ್ತು ಕೆರೆ-ದಡದಲ್ಲಿ ನಾನು ಮೋಸ ಮಾಡಿದ್ರೂ ಮೈ ಹಿಡ್ಕೊಂಡು ನಿಂತ. ಹೀಗೆ ತನ್ನನ್ನ ತಾನು ಹಿಡ್ಕೊಳ್ಳೋದು ಬಂದ್ರೇನೇ ನಾಳೆ ಒಂದನೇ ಕ್ಲಾಸಲ್ಲಿ ಕೂತು ಓದೋಕೆ ಆಗೋದು," ಅಂತ ಹೇಳಿದ್ರೆ ಆ ತಾಯಿ ಒಂದು ಕ್ಷಣ ನಿಲ್ತಾರೆ. ಯಾಕಂದ್ರೆ ಅದು ಅವರ ಮಗನ ಬಗ್ಗೆ, ಅವರಿಗೇ ಗೊತ್ತಿಲ್ಲದ ಸುದ್ದಿ.

ನೀವು ಟೀಚರ್ ಅಲ್ಲದೇ ಇರಬಹುದು. ಆದರೆ ಅಕ್ಕ, ಅಣ್ಣ, ಚಿಕ್ಕಮ್ಮ, ಮಾವ ಏನಾದ್ರೂ ಆಗಿರ್ತೀರಿ. ಈ ವಾರ ಒಂದು ಕೆಲಸ ಮಾಡಿ. ಮನೆಯ ಮಗುವನ್ನ ಎಬಿಸಿಡಿ ಕೇಳೋ ಬದಲು ಅದರ ಪಕ್ಕ ಕೂತು ಹತ್ತು ನಿಮಿಷ ಸುಮ್ಮನೆ ನೋಡಿ. ಫೋನ್ ಪಕ್ಕಕ್ಕಿಡಿ, ಈ ಪಾಡ್‌ಕಾಸ್ಟನ್ನೂ ನಿಲ್ಲಿಸಿ. ಕೈ ಏನು ಮಾಡ್ತಾ ಇದೆ? ಯಾರ ಜೊತೆ ಏನು ಮಾತು? ಸೋತಾಗ ಏನು ಮಾಡುತ್ತೆ? ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದ್ರೆ ತಿರುಗುತ್ತಾ? ಮಗು ಮತ್ತೆ ಮತ್ತೆ ತಿರುಗದೇ ಇದ್ರೆ, ಕಿವಿ ಸೋರ್ತಾ ಇದ್ರೆ, ದಯವಿಟ್ಟು ಎಣ್ಣೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಮಗು ಅಂಗನವಾಡಿಗೆ ಹೋಗ್ತಾ ಇದ್ರೆ ಸಂಜೆ "ಇವತ್ತು ಏನು ಬರೆಸಿದ್ರು?" ಅಂತ ಕೇಳೋ ಬದಲು "ಯಾರ ಜೊತೆ ಆಡಿದೆ?" ಅಂತ ಕೇಳಿ.

ಪುಟ್ಟಿಯ ಕಥೆ ಮುಗಿಸಿಬಿಡ್ತೀನಿ. ಔಷಧಿ ಆಯ್ತು, ಆಸ್ಪತ್ರೆಗೆ ಹಲವು ಸಲ ಓಡಾಟ ಆಯ್ತು, ಕಿವಿ ಸೋರೋದು ನಿಲ್ತು. ಮಾತು ಒಂದೇ ಸಲ ಬರಲಿಲ್ಲ. ಕಳೆದುಹೋದ ತಿಂಗಳುಗಳನ್ನ ಯಾವ ಔಷಧಿಯೂ ವಾಪಸ್ ತರಲ್ಲ. ಅವಳನ್ನ ನನ್ನ ಮುಂದೆಯೇ, ನನ್ನ ಬಾಯಿ ಕಾಣೋ ಹಾಗೆ ಕೂರಿಸ್ಕೊಂಡೆ. ಒಂದನೇ ತರಗತಿಗೆ ಹೋಗೋ ಹೊತ್ತಿಗೆ ಇಡೀ ವಾಕ್ಯ ಆಡ್ತಿದ್ಲು. ಕೆರೆ-ದಡದಲ್ಲಿ ಒಂದಿನ ಅವಳೇ ಟೀಚರ್ ಆಗ್ತೀನಿ ಅಂತ ಹಠ ಮಾಡಿದ್ಲು. ಸರಿ ಅಂತ ನಾನೂ ಮಕ್ಕಳ ಸಾಲಲ್ಲಿ ನಿಂತೆ. "ದಡ" ಅಂತ ಕೂಗಿ ಮೋಸ ಮಾಡಿದ್ಲು. ನಾನು ಹಾರಿಬಿಟ್ಟೆ. "ಟೀಚರ್ ಔಟ್" ಅಂದ್ಲು, ಎರಡು ಕೇರಿಗೆ ಕೇಳೋ ಹಾಗೆ.

ಇವತ್ತಿಗೆ ಇಷ್ಟು. ನಿಮ್ಮನ್ನ ಚಿಕ್ಕಂದಿನಲ್ಲಿ ಸರಿಯಾಗಿ ಗಮನಿಸಿದ ಒಬ್ಬ ಟೀಚರೋ ಆಯಮ್ಮನೋ ಇದ್ರೆ, ಊರಿಗೆ ಹೋದಾಗ ಅವರನ್ನ ಒಂದ್ಸಲ ಮಾತಾಡಿಸಿ ಬನ್ನಿ.